ಎಕ್ಸೆಲ್ಲಿಗೆ ಬಂದ ಆನೆಗಳು

ಡೈರಿಯ ದಾರಿಯಲ್ಲಿ ಆನೆ ಎದುರಾದ ದಿನ ಹಾಲಿನ ಕ್ಯಾನು ಉರುಳಿತು, ಅತ್ತೆಗೆ ಏನೂ ಆಗಲಿಲ್ಲ. ರಸ್ತೆ ಬದಿಯ ಸಿಲ್ವರ್ ಓಕ್ ಮರದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರಂತೆ. ಆನೆ ರಸ್ತೆ ದಾಟಿ ಕಾಡಿನ ಕಡೆ ಇಳಿದ ಮೇಲೆ ಖಾಲಿ ಕ್ಯಾನು ಹಿಡಿದು ಮನೆಗೆ ಬಂದರು. ಬಂದವರು ಮೊದಲು ಹೇಳಿದ್ದು ಕ್ಯಾನಿನ ಮುಚ್ಚಳ ಎಷ್ಟು ಹುಡುಕಿದರೂ ಸಿಗಲಿಲ್ಲ ಅಂತ. ಆನೆಯ ವಿಷಯ ಕಾಫಿ ಕುಡಿದಾದ ಮೇಲೆ ಬಂತು.

ನಮ್ಮ ಮನೆಯವರು ಅವತ್ತು ತಿಂಡಿ ಮುಟ್ಟಲಿಲ್ಲ. ಮುಖ ಗಂಟು ಹಾಕಿಕೊಂಡು ಕೊಟ್ಟಿಗೆಯ ಮುಂದೆ ಅಡ್ಡಾಡಿದರು. ಸಂಜೆಗೆ ತೀರ್ಮಾನ ಹೊರಬಿತ್ತು. ಎರಡೂ ಹಸು ಮಾರುವುದು. ಸೋಮವಾರಪೇಟೆ ಕಡೆಯ ಒಬ್ಬರು ಭಾನುವಾರ ಬಂದು ನೋಡುತ್ತಾರೆ.

"ಅದ್ಯಾಕ್ಲಾ ಮಾರ್ಬೇಕು?" ಎಂದರು ಅತ್ತೆ.

"ಇನ್ಯಾಕವ್ವ? ನಿನ್ನ ತುಳಿದ ಮೇಲೆ ಮಾರ್ಲಾ?"

"ಹಸ ಇಲ್ದಿದ್ರೆ ನಾನು ಬೆಳಿಗ್ಗೆ ಎದ್ದು ಏನ್ ಮಾಡ್ಲಿ? ಗೋಡೆ ನೋಡ್ಲಾ?"

ಮಗ ಸಿಟ್ಟಿನಿಂದ ಎದ್ದು ಅಂಗಳಕ್ಕೆ ಇಳಿದರು. ಹಾಗಂತ ಅವರದ್ದು ತಪ್ಪು ಎನ್ನಲೂ ನನಗೆ ಬಾಯಿ ಬರಲಿಲ್ಲ. ಅವರು ಲಾರಿ ಓಡಿಸುವವರು, ವಾರದಲ್ಲಿ ಮೂರು ನಾಲ್ಕು ದಿನ ಊರಲ್ಲೇ ಇರುವುದಿಲ್ಲ. ಮೈಸೂರು ದಾಟಿದ ಮೇಲೆ ಅಮ್ಮ ಕತ್ತಲಲ್ಲಿ ನಡೆಯುವುದೇ ಕಣ್ಣ ಮುಂದೆ ಬರುತ್ತದೆ ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದರು. ಡೈರಿಗೆ ನಾನು ಹೋಗುತ್ತೇನೆ ಎಂದೆ. ಆನೆಗೇನು ಅತ್ತೆ ಬೇರೆ, ಸೊಸೆ ಬೇರೆಯಾ ಎಂದು ನನ್ನ ಬಾಯಿ ಮುಚ್ಚಿಸಿದರು.

ನಮ್ಮ ಊರು ಹಾರಂಗಿ ಹಿನ್ನೀರಿನ ಆಚೆ. ಒಂದು ಕಡೆ ಕಾಡು, ಒಂದು ಕಡೆ ಕಾಫಿ ಎಸ್ಟೇಟು, ನಡುವೆ ರಸ್ತೆ. ನಮ್ಮವರ ತಾತ ಹಾಸನದ ಕಡೆಯಿಂದ ಬಂದು ಇಲ್ಲಿ ಬೇರೂರಿದವರು. ಅತ್ತೆಯದ್ದೂ ಆ ಕಡೆಯ ಮಾತೇ. ಹಲಸು ಹಣ್ಣಾಗುವ ಕಾಲಕ್ಕೆ ಆನೆಗಳು ರಾತ್ರಿ ಎಸ್ಟೇಟಿಗೆ ನುಗ್ಗಿ, ಬೆಳಕು ಹರಿಯುವ ಮುಂಚೆ ವಾಪಸ್ ಕಾಡಿಗೆ ಹೋಗುತ್ತವೆ. ಹಾಲಿನ ವ್ಯಾನು ಬರುವುದೂ ನಮ್ಮ ಊರಿಗೇ ಮೊದಲು. ಅದು ಆರು ಗಂಟೆಗೆ ಬರುತ್ತದೆಂದರೆ ಹಾಲು ಕೊಡುವವರು ಕತ್ತಲಲ್ಲೇ ಮನೆ ಬಿಡಬೇಕು. ಆನೆ ಮನೆಗೆ ಹೋಗುವ ಹೊತ್ತು, ಅತ್ತೆ ಡೈರಿಗೆ ಹೋಗುವ ಹೊತ್ತು, ಎರಡೂ ಒಂದೇ.

ಮಾರನೆಯ ದಿನ ಹಾಲಿನ ರೂಟ್ ನೋಡಿಕೊಳ್ಳುವ ಸೂಪರ್‌ವೈಸರನ್ನು ಡೈರಿಯ ಮುಂದೆಯೇ ಹಿಡಿದೆ. ವ್ಯಾನು ತಡವಾಗಿ ಬರಲಿ ಎಂದೆ.

"ಅಮ್ಮಾ, ಆನೆ ಉಂಟು ಅಂತ ಎಲ್ಲಾ ಊರಿನವರೂ ಹೇಳ್ತಾರೆ" ಎಂದರು ಅವರು. "ರೂಟ್ ಉಲ್ಟಾ ಮಾಡಿದ್ರೆ ನಿಮ್ಮೂರು ಲಾಸ್ಟ್ ಆಗ್ತದೆ. ಏಳೂವರೆ ಮೇಲೆ ಬರಬಹುದು. ಆದ್ರೆ ಮೇಲಿನವರಿಗೆ ನಾನು ಏನು ತೋರಿಸ್ಲಿ? ಯಾವ ಟೈಮಿಗೆ ಇರ್ತದೆ, ಯಾವ ಟೈಮಿಗೆ ಇರಲ್ಲ, ಎಕ್ಸೆಲ್ ಶೀಟಲ್ಲಿ ಹಾಕಿ ಕೊಡಿ. ಶನಿವಾರ ಮೀಟಿಂಗ್ ಉಂಟು."

ಅಷ್ಟೇನಾ ಎಂದುಕೊಂಡೆ. ನಾನು ಬಿ.ಕಾಂ. ಓದಿದವಳು, ಕುಶಾಲನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ದಿನ ಟೈಪಿಂಗ್ ಮಾಡುವವಳು. ಸಾಲದ್ದಕ್ಕೆ ಆನೆಯ ಲೆಕ್ಕ ನನ್ನ ಫೋನಿನ ಕ್ಯಾಲೆಂಡರಿನಲ್ಲೇ ಇತ್ತು. ಹಸುವಿಗೆ ಇಂಜೆಕ್ಷನ್ ಹಾಕಿಸಿದ ದಿನ, ಗ್ಯಾಸ್ ಬುಕ್ ಮಾಡಿದ ದಿನ, ಸಂಘದ ಮೀಟಿಂಗ್, ಎಲ್ಲವನ್ನೂ ಅದರಲ್ಲಿ ಹಾಕುವುದು ನನ್ನ ಅಭ್ಯಾಸ. ಅತ್ತೆ ಡೈರಿಯಿಂದ ಬಂದು ಆನೆ ಕಂಡಿತು ಎಂದರೆ ಒಲೆಯ ಮುಂದೆ ನಿಂತೇ ಅದನ್ನೂ ಹಾಕುತ್ತಿದ್ದೆ. ಮನೆಯಲ್ಲಿ ಎಲ್ಲರೂ ಗೇಲಿ ಮಾಡಿದ್ದೇ ಮಾಡಿದ್ದು. ಈಗ ನೋಡಿ ಎಂದು ಒಳಗೊಳಗೇ ಬೀಗಿದೆ.

ಬೀಗಿದ್ದು ಮಧ್ಯಾಹ್ನದವರೆಗೆ. ಕ್ಯಾಲೆಂಡರನ್ನು ಎಕ್ಸ್‌ಪೋರ್ಟ್ ಮಾಡಿ, ಬಂದ ಫೈಲನ್ನು ಹಳೇ ಲ್ಯಾಪ್‌ಟಾಪಿನಲ್ಲಿ ನೇರವಾಗಿ ಎಕ್ಸೆಲ್ಲಿಗೆ ಹಾಕಿದೆ. ತಲೆ ಕೆಟ್ಟು ಹೋಯಿತು. ಫೋನಿನಲ್ಲಿ ಒಂದು ಚೌಕದೊಳಗೆ ಮುದ್ದಾಗಿ ಕೂತಿದ್ದ ಒಂದು ಆನೆ ಇಲ್ಲಿ ಹತ್ತಾರು ಸಾಲಾಗಿ ಕೆಳಗೆ ಕೆಳಗೆ ಚೆಲ್ಲಿಕೊಂಡಿತ್ತು. ಶುರುವಾದ ಸಮಯ ಒಂದು ಸಾಲು, ಮುಗಿದ ಸಮಯ ಒಂದು ಸಾಲು, ಏನೋ ಉದ್ದದ ನಂಬರು ಒಂದು ಸಾಲು. ಅದರ ಬೆನ್ನಿಗೇ ಗ್ಯಾಸ್ ಸಿಲಿಂಡರು. ನಾನು ಕನ್ನಡದಲ್ಲಿ ಟೈಪ್ ಮಾಡಿದ್ದ ಕಡೆಯಲ್ಲೆಲ್ಲ ತಲೆಬುಡವಿಲ್ಲದ ಅಕ್ಷರಗಳು, ಯಾವ ದೇಶದವೋ ಏನೋ. ಪುಣ್ಯಕ್ಕೆ ಹೆಸರಿನ ಜಾಗದಲ್ಲಿ ಇಂಗ್ಲಿಷಿನಲ್ಲೇ 'ಎಲಿಫೆಂಟ್' ಎಂದು ಹಾಕಿದ್ದೆ.

ಅತ್ತೆ ಜಗುಲಿಯಲ್ಲಿ ಹುಲ್ಲಿನ ಕಂತೆ ಬಿಚ್ಚುತ್ತಿದ್ದರು. ಎರಡು ಸಲ ಬಂದು ನನ್ನ ಹೆಗಲ ಮೇಲಿಂದ ಇಣುಕಿ ಹೋದರು.

ಎರಡು ಮಧ್ಯಾಹ್ನ ಕೂತೆ. ಬೇಡದ ಸಾಲುಗಳನ್ನು ಕಿತ್ತೆ. ಹಸು, ಗ್ಯಾಸ್, ಸಂಘ ಎಲ್ಲವನ್ನೂ ಹೊರಗೆ ಹಾಕಿದೆ. ಅರ್ಥವಾಗದ ಅಕ್ಷರಗಳ ಸಾಲನ್ನೂ ಕಸವೆಂದು ಅಳಿಸಿದೆ. ಉಳಿದ ಹೆಸರು, ತಾರೀಕು, ಸಮಯವನ್ನು ಅಕ್ಕಪಕ್ಕ ತಂದು ಜೋಡಿಸಿದೆ. ಒಂದೊಂದು ಆನೆಗೆ ಒಂದೊಂದು ಸಾಲಾಯಿತು. ನೋಡಿದರೆ ಆನೆಗಳೆಲ್ಲ ರಾತ್ರಿ ಒಂದೂವರೆ, ಎರಡೂವರೆಗೆ ಬಂದಿವೆ. ಅತ್ತೆ ಗೊರಕೆ ಹೊಡೆಯುವ ಹೊತ್ತದು. ಹುಡುಕಿ ಓದಿದಾಗ ಗೊತ್ತಾಯಿತು, ಸಮಯದ ಕೊನೆಯಲ್ಲಿದ್ದ 'ಝಡ್' ಅಂದರೆ ಅದು ನಮ್ಮ ಗಂಟೆಯಲ್ಲ, ಲಂಡನ್ನಿನ ಕಡೆಯ ಗಂಟೆ. ಐದೂವರೆ ತಾಸು ಕೂಡಿಸಬೇಕು. ಕೂಡಿಸಿದೆ.

ಕೂಡಿಸಿದ ಮೇಲೆ ಇನ್ನೊಂದು ತೊಡಕು ಕಂಡಿತು. ಸಾಲಿಗೆ ಸಾಲು ಏಳು ಗಂಟೆ, ಎಂಟು ಗಂಟೆ. ಆರರ ಮುಂಚಿನದು ಒಂದೂ ಇಲ್ಲ. ಯಾಕೆಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅತ್ತೆ ಮನೆಗೆ ಬಂದು ಹೇಳಿದಾಗ ನಾನು ಕ್ಯಾಲೆಂಡರಿನಲ್ಲಿ ಹೊಸದನ್ನು ಸೇರಿಸುವ ಪ್ಲಸ್ ಗುರುತು ಒತ್ತುತ್ತಿದ್ದೆ, ಫೋನು ತಾನಾಗಿ ಮುಂದಿನ ಗಂಟೆಯನ್ನು ತುಂಬಿಕೊಡುತ್ತಿತ್ತು, ನಾನು ಅದನ್ನು ತಿದ್ದುತ್ತಲೇ ಇರಲಿಲ್ಲ. ಕೈಯಲ್ಲಿ ದೋಸೆ ಸೌಟು ಹಿಡಿದವಳು ಗಂಟೆ ತಿದ್ದುತ್ತಾಳಾ? ಈ ಹಾಳೆಯನ್ನು ಕೊಟ್ಟರೆ ಮೀಟಿಂಗಿನಲ್ಲಿ ಯಾರು ಏನು ಹೇಳುತ್ತಾರೆ? ಆನೆ ಇರುವುದೇ ಏಳರ ಮೇಲೆ, ಆರಕ್ಕೆ ರಸ್ತೆ ಖಾಲಿ, ವ್ಯಾನು ಈಗ ಬರುವ ಹೊತ್ತೇ ಒಳ್ಳೆಯದು ಎನ್ನುತ್ತಾರೆ. ಹಸುಗಳನ್ನು ನಾನೇ ಹಗ್ಗ ಹಿಡಿದು ಕೊಟ್ಟ ಹಾಗಾಗುತ್ತಿತ್ತು. ಕುಳಿತಲ್ಲೇ ಅಳು ಬಂತು. ಅತ್ತೆಗೆ ಹೇಳದೆ ವಿಧಿಯಿರಲಿಲ್ಲ.

ಅವರು ಹುಲ್ಲು ಕೆಳಗಿಟ್ಟು ಕೇಳಿಸಿಕೊಂಡರು. "ನಾನು ದಿನಾ ಹೊತ್ತು ಹೇಳ್ತಿದ್ನಲ್ಲೇ. ಅದನ್ನ ಎಲ್ಲಾಕಿದೀಯ?"

"ಹೊತ್ತು ಹೇಳ್ತಿದ್ರಿ ಅತ್ತೆ, ಗಂಟೆ ಹೇಳ್ತಿರಲಿಲ್ಲ."

"ಕತ್ಲಲ್ಲಿ ನಂಗೆ ಗಡಿಯಾರ ಯಾರು ತೋರುಸ್ತಾರೆ?"

ನಮ್ಮ ಕಡೆ ಬೆಳಗಿನ ಹೊತ್ತು ಕೈಗಡಿಯಾರದಲ್ಲಿಲ್ಲ, ಕಿವಿಯಲ್ಲಿದೆ. ಕೆಳಗಿನ ಪೇಟೆಯ ಮಸೀದಿಯಲ್ಲಿ ಬೆಳಗಿನ ನಮಾಜಿಗೆ ಕರೆಯುವ ಬಾಂಗ್ ಆಯಿತೆಂದರೆ ಹಾಲು ಕರೆದು ಮುಗಿದಿರಬೇಕು. ಎಸ್ಟೇಟಿನಲ್ಲಿ ಕೆಲಸದವರನ್ನು ಕೂಡಿಸುವ ಗಂಟೆ ಹೊಡೆದರೆ ಬಿಸಿಲು ಬಿತ್ತು ಎಂದರ್ಥ. ಹಿಂದೂ, ಮುಸ್ಲಿಂ, ಎಸ್ಟೇಟಿನ ಲೈನುಮನೆಗಳಲ್ಲಿರುವ ತಮಿಳು ಕೆಲಸದವರು, ಎಲ್ಲರೂ ಹೇಳುವುದು ಹೀಗೆಯೇ. ಅತ್ತೆಯೂ ಹಾಗೆಯೇ ಹೇಳುತ್ತಿದ್ದರು. ಆ ಮಾತನ್ನು ನಾನು ಟೈಪ್ ಮಾಡುತ್ತಿದ್ದೆನಲ್ಲ! ಫೋನು ತೆಗೆದು ಒಂದು ಆನೆಯನ್ನು ಒತ್ತಿದೆ. ಹೆಸರಿನ ಕೆಳಗೆ ಟಿಪ್ಪಣಿಯ ಜಾಗದಲ್ಲಿ ಚೊಕ್ಕ ಕನ್ನಡ: 'ಬಾಂಗ್ ಆದ ತಕ್ಷಣ, ಸೇತುವೆ ಹತ್ರ, ಎರಡು.' ಇನ್ನೊಂದನ್ನು ಒತ್ತಿದೆ: 'ಬಾಂಗಿಗೆ ಮುಂಚೆ, ಮರಿ ಇತ್ತು.' ನಾನು ಕಸವೆಂದು ಅಳಿಸಿದ ವಿಚಿತ್ರ ಅಕ್ಷರಗಳು ಇವೇ.

ಆ ಕಸ ಮತ್ತೆ ಕನ್ನಡವಾಗುವ ದಾರಿಯನ್ನು ಮಾರನೆಯ ದಿನ ಅಂಗಡಿಯಲ್ಲಿ ಕಂಡುಕೊಂಡೆ. ಫೈಲನ್ನು ನೇರವಾಗಿ ತೆರೆಯಬಾರದು. ಎಕ್ಸೆಲ್ಲಿನ ಒಳಗಿನಿಂದ ತರಿಸಿಕೊಳ್ಳಬೇಕು, ಅಕ್ಷರ ಯಾವ ಬಗೆಯದೆಂದು ಅದು ಕೇಳುವಲ್ಲಿ ಯುಟಿಎಫ್-8 ಎಂಬುದನ್ನು ಆರಿಸಬೇಕು. ಒತ್ತಿದೆ. ಪರದೆಯ ತುಂಬ ಅತ್ತೆ ಮಾತಾಡತೊಡಗಿದರು. ಉದ್ದದ ಮಾತುಗಳು ನಡುವೆ ಮುರಿದು ಎರಡೆರಡು ಸಾಲಾಗಿದ್ದವು, ಅವನ್ನು ಒಂದೊಂದಾಗಿ ಬೆಸೆದೆ.

ಶುಕ್ರವಾರ ಮಧ್ಯಾಹ್ನ ಇಬ್ಬರೂ ಜಗುಲಿಯಲ್ಲಿ ಕೂತೆವು. ಫೋನು ತುಂಬಿದ ಸುಳ್ಳು ಗಂಟೆಯ ಕಾಲಂ ತೆಗೆದುಬಿಟ್ಟೆ. ಅದರ ಜಾಗದಲ್ಲಿ ಮೂರು ಕಾಲಂ ಮಾಡಿದೆ: ಬಾಂಗಿಗೆ ಮುಂಚೆ, ಬಾಂಗಿನಿಂದ ಎಸ್ಟೇಟ್ ಗಂಟೆಯವರೆಗೆ, ಗಂಟೆಯಾದ ಮೇಲೆ. ನಾನು ಒಂದೊಂದು ಸಾಲು ಓದಿದೆ, ಅತ್ತೆ ಯಾವ ಕಾಲಮ್ಮಿಗೆ ಎಂದು ಹೇಳಿದರು. ಹೇಳುತ್ತಾ ಹೇಳುತ್ತಾ ಅವರಿಗೆ ಲಹರಿ ಬಂತು. ಆ ಮರಿಯಾನೆ ತಾಯಿಯ ಬಾಲ ಹಿಡಿದುಕೊಂಡು ಹೋದ ಕಥೆ, ಒಂಟಿ ಸಲಗ ಹಲಸಿನ ಹಣ್ಣಿನ ವಾಸನೆ ಬಿಟ್ಟುಹೋದ ಕಥೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಅವರ ಬೆಳಗುಗಳನ್ನು ಕೇಳಿಸಿಕೊಂಡದ್ದು ಅವತ್ತೇ. ಮೊದಲ ಎರಡು ಕಾಲಂ ತುಂಬುತ್ತಾ ಹೋದವು. ಮೂರನೆಯದರಲ್ಲಿ ಒಂದೇ ಒಂದು ಬಿತ್ತು. ಮಂಜು ಕವಿದಿದ್ದ ದಿನ, ಗಂಟೆಯಾದ ಮೇಲೂ ಒಂದು ಆನೆ ಬಿದಿರಿನ ಹತ್ತಿರ ನಿಂತಿತ್ತಂತೆ.

"ಇದನ್ನ ಬಿಟ್ಟುಬಿಡ್ಲಾ ಅತ್ತೆ?"

"ಯಾಕ್ ಬಿಡ್ತೀಯ? ಇತ್ತಲ್ಲ."

ಅದನ್ನೂ ಹಾಕಿದೆ.

ಶನಿವಾರ ಸೂಪರ್‌ವೈಸರ್ ಹಾಳೆಯನ್ನು ಡೈರಿಯ ಕಟ್ಟೆಯ ಮೇಲೆ ಹರವಿಕೊಂಡು ಓದಿದರು. ಗಂಟೆ, ನಿಮಿಷ ಎಲ್ಲಿ ಎಂದು ಕೇಳುತ್ತಾರೇನೋ ಎಂದು ನಾನು ಸೆರಗಿನ ತುದಿ ತಿರುಚುತ್ತಾ ನಿಂತಿದ್ದೆ. ಅವರು ಕೇಳಲಿಲ್ಲ. ಅವರೂ ಈ ಸೀಮೆಯವರೇ, ಬಾಂಗಿನ ಹೊತ್ತಿಗೆ ಎದ್ದು ವ್ಯಾನ್ ಹತ್ತುವವರು.

"ಗಂಟೆ ಆದ ಮೇಲೆ ಒಂದೇನಾ?" ಎಂದರು.

"ಒಂದೇ. ಅವತ್ತು ಮಂಜಿತ್ತು."

"ಸರಿ ಬಿಡಿ, ಇದು ಸಾಕು ನಂಗೆ" ಎಂದು ಮಡಚಿ ಜೇಬಿಗೆ ಹಾಕಿಕೊಂಡರು. ಮಧ್ಯಾಹ್ನ ಫೋನು ಬಂತು. ಹಲಸಿನ ಕಾಲ ಮುಗಿಯುವ ತನಕ ರೂಟ್ ಉಲ್ಟಾ. ಆಮೇಲೆ ನೋಡೋಣ ಅಂತ.

ನಮ್ಮವರು ಲಾರಿ ನಿಲ್ಲಿಸಿ ಬಂದದ್ದು ಭಾನುವಾರ ಬೆಳಿಗ್ಗೆ. ವಿಷಯ ಹೇಳಿ ಹಾಳೆಯ ಇನ್ನೊಂದು ಪ್ರತಿ ಕೊಟ್ಟೆ. ಬೂಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತು ಓದಿದರು. ಬಾಂಗಿಗೆ ಮುಂಚೆ, ಬಾಂಗಿಗೆ ಮುಂಚೆ ಎಂದು ಬೆರಳಿಟ್ಟು ಕೆಳಗಿಳಿದರು. ಇಷ್ಟು ಸಲವಾ ಎಂದು ಮೆಲ್ಲಗೆ ಕೇಳಿದರು. ಅವರ ಭಯಕ್ಕೆ ಅರ್ಥವಿತ್ತೆಂದು ಆ ಹಾಳೆ ಹೇಳುತ್ತಿತ್ತು, ಇನ್ನು ಮೇಲೆ ಭಯ ಬೇಡ ಎಂದೂ ಹೇಳುತ್ತಿತ್ತು.

ಅಷ್ಟರಲ್ಲಿ ಗೇಟಿನ ಹತ್ತಿರ ಪಿಕಪ್ ಬಂದು ನಿಂತಿತು. ಹಸು ನೋಡಲು ಬರಬೇಕಾದವರು. ಬೇಡ ಎಂದು ಫೋನು ಮಾಡುವುದು ಯಾರಿಗೂ ನೆನಪಾಗಿರಲಿಲ್ಲ. ಬಂದವರನ್ನು ಕೂರಿಸಿ ಕಾಫಿ ಕೊಟ್ಟೆ. ಅತ್ತೆ ಕೊಟ್ಟಿಗೆಯಲ್ಲಿದ್ದರು, ಪೊರಕೆಯ ಸದ್ದು ಮಾತ್ರ ಕೇಳುತ್ತಿತ್ತು.

ಅವರು ಲೋಟ ಕೆಳಗಿಟ್ಟು, "ಯಜಮಾನ್ರೇ, ನೋಡೋಣ್ವಾ ಹಸುಗಳ್ನ?" ಎಂದರು.

ಪೊರಕೆಯ ಸದ್ದು ನಿಂತಿತು. ನಮ್ಮವರು ನನ್ನ ಮುಖ ನೋಡಿದರು, ಕೊಟ್ಟಿಗೆಯ ಕಡೆ ನೋಡಿದರು.

"ಸುಮ್ನೆ ನಿಮ್ಮನ್ನ ಓಡಾಡಿಸ್ದಂಗಾಯ್ತು, ಬೇಜಾರ್ ಮಾಡ್ಕೋಬೇಡಿ. ಹಸು ಕೊಡಲ್ಲ. ಕೆಂಪಿ ಹಸು ಗಬ್ಬ ಆಗಿ ಈಗ ಏಳು ತಿಂಗ್ಳು. ಕರು ಹಾಕಿದ್ಮೇಲೆ ಬೇಕಾದ್ರೆ ಬನ್ನಿ, ಕರು ನೋಡೋಣ."

ಕೊಟ್ಟಿಗೆಯೊಳಗಿಂದ ಅತ್ತೆಯ ದನಿ ಬಂತು. "ಕರೂನೂ ಕೊಡಕಿಲ್ಲ ಅನ್ಲಾ."

ಪೊರಕೆ ಮತ್ತೆ ಗುಡಿಸತೊಡಗಿತು.