ನಾಲ್ಕು ಕೋಲು ನೀರು

ಐವತ್ತರ ದಶಕದ ಕೊನೆಯಲ್ಲಿ ನಾನು ಬೆಳ್ತಂಗಡಿ ಕಡೆ ಗ್ರಾಮಸೇವಕನಾಗಿದ್ದೆ. ಊರು ಬಂಟ್ವಾಳ, ವಯಸ್ಸು ಇಪ್ಪತ್ತನಾಲ್ಕು, ಓಡಾಡಲು ಸರಕಾರದ ಸೈಕಲ್ಲು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮ ತಿಂಗಳ ವರದಿಯಲ್ಲಿ ಎರಡು ಕಾಲಂ ಇರುತ್ತಿತ್ತು: ಗುರಿ, ಸಾಧನೆ. ಇಷ್ಟು ಗೊಬ್ಬರದ ಗುಂಡಿ, ಇಷ್ಟು ಹೊಗೆಯಿಲ್ಲದ ಒಲೆ, ಇಷ್ಟು ಬಾವಿ. ಎರಡೂ ಕಡೆಯ ಅಂಕೆ ಒಂದೇ ಆದರೆ ಅಧಿಕಾರಿಗೆ ಖುಷಿ, ಅವರಿಗೆ ಖುಷಿಯಾದರೆ ನನಗೂ ಖುಷಿ. ಆ ಒಲೆಯಲ್ಲಿ ಯಾರಾದರೂ ಗಂಜಿ ಬೇಯಿಸುತ್ತಾರೋ ಇಲ್ಲವೋ ಎಂಬುದಕ್ಕೆ ಕಾಲಂ ಇರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ಮುಂಡಾಜೆಯಿಂದ ಒಳಗೆ, ಗುಡ್ಡದ ಮೇಲೆ ಏಳು ಒಕ್ಕಲು ಮನೆಗಳಿದ್ದವು. ಬೇಸಗೆ ಬಂತೆಂದರೆ ಅಲ್ಲಿನ ಹೆಂಗಸರು ಗುಡ್ಡ ಇಳಿದು ಹೊಳೆಯಿಂದ ನೀರು ಹೊರಬೇಕಿತ್ತು. ಅವರಿಗೆ ಒಂದು ಬಾವಿ ಮಂಜೂರಾಯಿತು. ಕಾಗದ ನನ್ನ ಕೈಗೆ ಬರುವಾಗ ಚೌತಿ ಕಳೆದಿತ್ತು. ದೀಪಾವಳಿಯ ಒಳಗೆ ಮುಗಿಸಬೇಕೆಂದು ಆಜ್ಞೆ. ನಮ್ಮಲ್ಲಿ ಬಾವಿ ತೋಡುವುದು ಮಳೆಗೆ ಸ್ವಲ್ಪ ಮೊದಲು, ನೆಲದ ನೀರೆಲ್ಲ ತಳ ಸೇರಿರುವ ಬೇಸ್ಯ ತಿಂಗಳಲ್ಲಿ. ಇದು ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು, ಅದೇ ನಾಚಿಕೆಯ ಸಂಗತಿ.

ಬಾವಿ ತೋಡುವವ ಅದೇ ಗುಡ್ಡದ ಮುದುಕ. ಏಳು ಕೋಲು ಇಳಿಯುವಷ್ಟರಲ್ಲಿ, ಅಂದರೆ ಹದಿನೇಳು ಹದಿನೆಂಟು ಅಡಿಗೆ, ಸುತ್ತಲಿಂದ ನೀರು ನುಗ್ಗಿತು. ಎಷ್ಟು ಎತ್ತಿ ಹಾಕಿದರೂ ತುಂಬುತ್ತಿತ್ತು. ಅವನು ಮೇಲೆ ಬಂದು ಮೈ ಒರೆಸಿಕೊಳ್ಳುತ್ತ ಹೇಳಿದ:

"ಇದು ಮಳೆಯ ನೀರು ಸ್ವಾಮಿ, ಒರತೆ ಅಲ್ಲ. ಈಗ ಬಿಡುವ. ಬೇಸ್ಯದಲ್ಲಿ ಇನ್ನು ಮೂರು ಕೋಲು ಇಳಿಸ್ತೇನೆ, ಮತ್ತೆ ಕಟ್ಟೆ ಕಟ್ಟುವ."

ಬೇಸ್ಯದವರೆಗೆ ಕಾದರೆ ನನ್ನ ಸಾಧನೆಯ ಕಾಲಂ ಖಾಲಿ. ಮಾರನೆಯ ವಾರವೇ ಕಟ್ಟೆ ಕಟ್ಟಿಸಿ ಸಿಮೆಂಟು ಬಳಿಸಿದೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ನೀರು ಅಳೆದೆ. ನಾಲ್ಕು ಕೋಲು ಇತ್ತು, ಅಷ್ಟೇ ಬರೆದೆ. ಆ ವರದಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅಧಿಕಾರಿ ಬಂದು ಬಾವಿಗೆ ಇಣುಕಿ ತಲೆಯಾಡಿಸಿದರು. ಮುಂದಿನ ತಿಂಗಳು ಮೂಡುಬಿದಿರೆಯಲ್ಲಿ ಗ್ರಾಮಸೇವಕರ ಸಭೆಯಿತ್ತು. ಹೇಳಿದ ದಿನಕ್ಕೆ ಕೆಲಸ ಮುಗಿಸುವುದು ಹೇಗೆಂದು ಅಲ್ಲಿ ನಾನು ಮಾತಾಡಬೇಕಂತೆ. ಇಸ್ತ್ರಿ ಅಂಗಿ ಹಾಕಿಕೊಂಡು ಅರ್ಧ ಗಂಟೆ ಮಾತಾಡಿದೆ. ಮುದುಕ ಹೇಳಿದ್ದನ್ನು ಹಳ್ಳಿಯವರು ಕೆಲಸ ಮುಂದೂಡುವುದಕ್ಕೆ ಉದಾಹರಣೆಯಾಗಿ ಕೊಟ್ಟೆ, ಅವನ ದನಿ ಅನುಕರಿಸಿ ಸಭೆಯನ್ನು ನಗಿಸಿದೆ. ಈಗ ಅದು ನೆನಪಾದರೆ, ಒಬ್ಬನೇ ಕೂತಿದ್ದರೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಬೇಸ್ಯದಲ್ಲಿ ಗೊಬ್ಬರದ ಗುಂಡಿ ಎಣಿಸಲು ಮತ್ತೆ ಆ ಗುಡ್ಡ ಹತ್ತಿದೆ. ಮೊದಲ ಮನೆಯ ಹೆಂಗಸು ಚಾಪೆ ಹಾಸಿ, ಒಂದು ಚೆಂಬು ನೀರು ಮತ್ತು ಬೆಲ್ಲದ ತುಂಡು ತಂದಿಟ್ಟಳು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು. ನಮ್ಮಲ್ಲಿ ಅದು ತಪ್ಪುವುದಿಲ್ಲ. ನನ್ನ ಗಂಟಲು ಒಣಗಿತ್ತು. ಗಟಗಟ ಕುಡಿದು ಇನ್ನೊಂದು ಚೆಂಬು ಕೇಳಿದೆ. ಅವಳು ಒಳಗೆ ಹೋಗಿ ಕೊಡಪಾನವನ್ನು ಪೂರ್ತಿ ಬಗ್ಗಿಸಿ ತಳದ ನೀರು ಬಸಿಯುವ ಸದ್ದು ಕೇಳಿಸಿತು. ಅದನ್ನೂ ಕುಡಿದು, ಬಾವಿ ಹೇಗುಂಟು ಎಂದು ವಿಚಾರಿಸಿದೆ.

"ಬಾವಿ ಚಂದ ಉಂಟು ಸ್ವಾಮಿ," ಎಂದಳು. "ನೀರು ಮಾತ್ರ ಶಿವರಾತ್ರಿಗೇ ಹೋಯಿತು."

ನನಗೆ ಬೇಸರವಾಗಬಾರದೆಂದು ಅವಳು ಮೊದಲು ಬಾವಿಯನ್ನು ಹೊಗಳಿದ್ದಳು. ನಾನು ಕುಡಿದ ಎರಡು ಚೆಂಬೂ ಹೊಳೆಯಿಂದ ಹೊತ್ತು ತಂದ ನೀರು. ಹೋಗಿ ಇಣುಕಿದೆ. ಕಟ್ಟೆಯ ಸಿಮೆಂಟು ಮಾಸಿರಲಿಲ್ಲ, ತಳದಲ್ಲಿ ತರಗೆಲೆ ಬಿದ್ದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುತ್ತಾರಲ್ಲ, ಆ ಹೂ ಮುಡಿಸಿದವನು ನಾನು.

ನಾನು ಬಂದದ್ದು ತಿಳಿದು ಮುದುಕನೂ ಬಂದ. ಆಗಲೇ ಹೇಳಿದ್ದೆನಲ್ಲ ಎನ್ನಬಹುದಿತ್ತು, ಎನ್ನಲಿಲ್ಲ. ಮಳೆಗೆ ಇನ್ನೂ ಮೂರು ವಾರ ಉಂಟು, ಮೂರು ಕೋಲು ಇಳಿಸಿದರೆ ಒರತೆ ಸಿಗುತ್ತದೆ ಎಂದ. ಆದರೆ ಸರಕಾರದ ಬಾವಿಗೆ ಅಪ್ಪಣೆಯಿಲ್ಲದೆ ಪಿಕ್ಕಾಸು ಹಾಕಲು ಗುಡ್ಡದವರಿಗೆ ಹೆದರಿಕೆ, ನಾನೊಂದು ಕಾಗದ ಬರೆದರೆ ಸಾಕಿತ್ತು. ಆ ಕಾಗದದಲ್ಲಿ ಬರೆಯಬೇಕಾದದ್ದು ಏನು? ಮುಗಿದಿದೆ ಎಂದ ಬಾವಿ ಮುಗಿದಿಲ್ಲ, ಮೂಡುಬಿದಿರೆಯಲ್ಲಿ ನಾನು ಕೊಚ್ಚಿಕೊಂಡ ಕೆಲಸ ಅರ್ಧ ಕೆಲಸ ಎಂದು.

"ನೋಡುವ," ಎಂದೆ.

ಬರೆಯಲಿಲ್ಲ. ಎರಡು ಸಲ ಹಾಳೆ ತೆಗೆದೆ, ಎರಡು ಸಲವೂ ಮಡಚಿಟ್ಟೆ. ಆ ಮೂರು ವಾರವೂ ಏಳು ಮನೆಯ ಹೆಂಗಸರು ಕೊಡ ಹೊತ್ತು ಗುಡ್ಡ ಹತ್ತಿದರು. ನಾನು ಅವರ ಕಣ್ಣು ತಪ್ಪಿಸಿ ಕಕ್ಕಿಂಜೆಯ ಕಡೆ ಗುಂಡಿ ಎಣಿಸಿದೆ. ಆಮೇಲೆ ಮಳೆ ಹಿಡಿಯಿತು. ಬಾವಿಗೆ ನೀರು ಬಂದ ಸುದ್ದಿ ಸಿಕ್ಕಿತು, ನನ್ನ ವರದಿ ಮತ್ತೆ ಸರಿಯಾಯಿತು. ಅವತ್ತು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಹೊಟ್ಟೆ ತುಂಬ ಉಂಡು ಸುಖವಾಗಿ ನಿದ್ದೆ ಮಾಡಿದೆ.