ದಕ್ಕೆಯ ನೆಲಕ್ಕೆ ನೀರು ಸುರಿದದ್ದು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ನಾಪೋಕ್ಲಿನಿಂದ ಕಕ್ಕಬೆಯವರೆಗೆ ಕಾಫಿ ಒಣಗಿಸುವ ಎಷ್ಟೋ ಸಿಮೆಂಟ್ ಕಣಗಳು ನನ್ನ ಕೈಯಲ್ಲಿ ಆದಂಥವು. ನನ್ನ ಕಣದಲ್ಲಿ ಒಂದು ಬೊಗಸೆ ಮಳೆನೀರು ನಿಂತದ್ದನ್ನು ಇದುವರೆಗೆ ಯಾರೂ ತೋರಿಸಿಲ್ಲ.

ಮಗಳು ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಾಳೆ. ಕಳೆದ ವರ್ಷ ಅವಳಿಗೆ ಸಿಕ್ಕ ಪ್ರಾಜೆಕ್ಟ್ ಮಂಗಳೂರಿನ ಮೀನಿನ ದಕ್ಕೆ, ಅಂದರೆ ದೋಣಿಗಳಿಂದ ಮೀನು ಇಳಿಸುವ ಕಟ್ಟೆ. ಅಲ್ಲಿ ಜನ ಹೇಗೆ ಓಡಾಡುತ್ತಾರೆ, ನೀರು ಎಲ್ಲಿಗೆ ಹೋಗುತ್ತದೆ, ಎಲ್ಲ ನೋಡಿ ನಕ್ಷೆ ಬರೆಯಬೇಕು. ದೋಣಿಗಳಿಗೆ ರಜೆಯಿದ್ದ ಮಧ್ಯಾಹ್ನ ಹೋಗಿ ಚಂದದ ನಕ್ಷೆ ಬರೆದಳು. 'ಇದರಲ್ಲಿ ಜನ ಎಲ್ಲಿ?' ಎಂದು ಮೇಡಂ ವಾಪಸ್ ಕೊಟ್ಟರು. ಸೋಮವಾರದೊಳಗೆ ಸರಿಮಾಡದಿದ್ದರೆ ಸೆಮಿಸ್ಟರ್ ಹೋದ ಹಾಗೆ.

"ಅಪ್ಪ, ಬನ್ನಿ. ಟೇಪ್ ಹಿಡಿಯೋಕೆ ಒಬ್ರು ಬೇಕು."

"ಮೇಸ್ತ್ರಿ ಟೇಪ್ ಹಿಡಿಯೋದಾ? ಮೇಸ್ತ್ರಿಗೆ ನೀ ಹಿಡಿ" ಎಂದು ಹೊರಟೆ.

ಬೆಳಿಗ್ಗೆ ಆರೂವರೆಗೆ ದಕ್ಕೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಐಸಿನ ಕೈಗಾಡಿಯವರು ನಮ್ಮನ್ನು ಎರಡು ಸಲ ಕಂಬಕ್ಕೆ ಒತ್ತಿದರು. ಟೇಪ್ ಬ್ಯಾಗ್ ಸೇರಿತು. ನಾನು ಕಣದಲ್ಲಿ ಮಾಡುವಂತೆ ಬಾಟಲಿ ನೀರನ್ನು ನೆಲಕ್ಕೆ ಸುರಿದೆ. ಅದು ಕಡಲಿಗೆ ಬೆನ್ನು ಹಾಕಿ ಹಿಂದಿನ ಚರಂಡಿಗೆ ಹರಿಯಿತು.

"ಬರ್ಕೋ. ಕಡಲು ಮುಂದೆಯೇ ಇಟ್ಕೊಂಡು ನೀರನ್ನ ಒಳಗೆ ತಿರುಗಿಸಿದ್ದಾರೆ. ಇಳಿಜಾರು ಉಲ್ಟಾ."

ಮಗಳು ಬರೆದುಕೊಂಡಳು. ಪಕ್ಕದಲ್ಲಿ ಬಂಗುಡೆ ರಾಶಿಯ ಮುಂದೆ ಕೂತಿದ್ದ ಹೆಂಗಸು ಕೇಳಿದಳು, "ಯಾವೂರು ನಿಮ್ಮದು?"

"ಕೊಡಗು."

"ಹಾಗೆ ಹೇಳಿ ಮಾರಾಯ್ರೆ. ನೀರು ಕಡಲಿಗೆ ಬಿಟ್ರೆ ಅಂಚು ಜಾರ್ತದೆ. ಬುಟ್ಟಿ ಹೊತ್ತವ ದೋಣಿಯಿಂದ ಕಾಲಿಡುದು ಅಲ್ಲಿಯೇ ಅಲ್ವಾ? ಮೀನಿನ ಒಟ್ಟಿಗೆ ಅವನನ್ನೂ ಹರಾಜು ಹಾಕ್ಬೇಕಾದೀತು."

ಸುತ್ತಲಿದ್ದವರು ನಕ್ಕರು. ಕಾಫಿ ಕಣದ ಅಂಚಿನಲ್ಲಿ ಯಾರೂ ದೋಣಿಯಿಂದ ಇಳಿಯುವುದಿಲ್ಲ. ನನಗೆ ಹೊಳೆಯುವುದಾದರೂ ಹೇಗೆ?

"ಹೊಡೆದ್ಹಾಕು ಅದನ್ನ" ಎಂದೆ ಮಗಳಿಗೆ. "ಎಲ್ಲಿ ಒದ್ದೆ, ಎಲ್ಲಿ ಒಣಗಿದೆ, ಅದನ್ನ ಬರಿ. ಹೊರೆ ಹೊತ್ತವರು ಒಣಗಿದಲ್ಲೇ ನಡೀತಾರೆ."

ಒಂಬತ್ತು ಗಂಟೆಯವರೆಗೆ ನಾನು ನೆಲ ನೋಡಿ ಹೇಳಿದೆ, ಅವಳು ಬರೆದಳು. ಬಂಗುಡೆಯವಳು ಕೂತಲ್ಲಿಂದಲೇ ನಾಲ್ಕು ಕಡೆ ತಿದ್ದಿದಳು.

ಸೋಮವಾರ ಮಧ್ಯಾಹ್ನ ಫೋನ್ ಬಂತು. "ಪಾಸ್ ಅಪ್ಪ. ಒದ್ದೆ ನೆಲದ ನಕ್ಷೆ ಯಾರು ಹೇಳಿಕೊಟ್ಟದ್ದು ಅಂತ ಮೇಡಂ ಕೇಳಿದ್ರು."

"ಏನಂದೆ?"

"ಒಬ್ರು ಮೀನು ಮಾರೋರು, ಒಬ್ರು ಮೇಸ್ತ್ರಿ ಅಂದೆ."

"ಅದೇ ಕ್ರಮದಲ್ಲಾ? ಮೀನಿನವರು ಮೊದಲು?"

"ಹೌದು."

ನ್ಯಾಯವಾಗಿಯೇ ಹೇಳಿದ್ದಳು.