ಒಬ್ಬಳೇ ಹುಡುಗಿಯ ಶಾಲೆಯಲ್ಲಿ ಮಾಸ್ತಮ್ಮ

ನಮ್ಮೂರ ಶಾಲೆಯಲ್ಲಿ ಕೊನೆಗೆ ಉಳಿದದ್ದು ಒಬ್ಬಳೇ ಹುಡುಗಿ. ನನ್ನ ಮಗಳು ವಿನಯಾ. ಉಳಿದ ಮಕ್ಕಳನ್ನು ಹಳದಿ ವ್ಯಾನು ರಿಪ್ಪನ್‌ಪೇಟೆಯ ಇಂಗ್ಲಿಷ್ ಶಾಲೆಗಳಿಗೆ ಕರೆದುಕೊಂಡು ಹೋಯಿತು. ನಮ್ಮ ಕಡೆಯ ಏರನ್ನು ಆ ವ್ಯಾನು ಹತ್ತುತ್ತಿರಲಿಲ್ಲ. ಹಾಗಾಗಿ ವಿನಯಾ ಉಳಿದಳು, ಅವಳಿಂದ ಶಾಲೆಯೂ ಉಳಿಯಿತು. ಪಾಠಕ್ಕೆ ವಾಗ್ದೇವಿ ಟೀಚರ್, ಬಿಸಿಯೂಟಕ್ಕೆ ಮಾಸ್ತಮ್ಮ. ಪೋಷಕ ಅಂತ ಬೇರೆ ಯಾರೂ ಇಲ್ಲದ್ದರಿಂದ ಶಾಲೆಯ ಸಮಿತಿಗೆ ನಾನೇ ಅಧ್ಯಕ್ಷ. ನಾನು ಶಾಲೆ ಕಡೆ ಹೋದರೆ ಮಾಸ್ತಮ್ಮ ಅಡುಗೆ ಕೋಣೆಯಿಂದಲೇ ಕೂಗುತ್ತಿದ್ದಳು. "ಅಧ್ಯಕ್ಷರು ಬಂದ್ರು, ಎಲ್ಲ ಎದ್ದು ನಿಂತ್ಕಳಿ!"

ಮಾಸ್ತಮ್ಮ ನಮ್ಮ ಮನೆಯ ಕೆಳಗಿನ ಮನೆಯವಳು. ಗಂಡ ತೀರಿ ಬಹಳ ಕಾಲವಾಯಿತು. ಮಗಳನ್ನು ತೀರ್ಥಹಳ್ಳಿ ಕಡೆ ಕೊಟ್ಟಿದ್ದಾಳೆ. ಶಾಲೆ ತುಂಬ ಮಕ್ಕಳಿದ್ದ ಕಾಲದಿಂದ ಅಲ್ಲಿ ಅಡುಗೆ ಮಾಡಿದವಳು. ನಾನು ಅವಳನ್ನು ಅಕ್ಕ ಅಂತಲೇ ಕರೆಯುವುದು.

ವಿನಯಾ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಶಾಲೆಯ ಕಂಬ ಹಿಡಿದುಕೊಂಡು ಒಳಗೆ ಹೋಗಲಿಲ್ಲ. "ನಂಗೆ ಯಾರೂ ಇಲ್ಲ. ಒಬ್ಳೇ ಕೂರಲ್ಲ" ಅಂತ ಅಳು. ಟೀಚರ್ ಹೇಳಿದರು, ನಾನು ಗದರಿದೆ. ಕಂಬ ಬಿಡಲಿಲ್ಲ. ಮಾಸ್ತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ನಾನೂ ಸೇರ್ಕಳ್ತೀನಿ ಕಣೆ ಅಮ್ಮಿ, ನಿನ್ ಕ್ಲಾಸಿಗೆ. ನಂಗೆ ಏನೂ ಬರಲ್ಲ. ನೀನೇ ಹೇಳ್ಕೊಡ್ಬೇಕು."

ಮಗು ಕಂಬ ಬಿಟ್ಟಿತು.

ಅವತ್ತಿನಿಂದ ಅದೇ ರೂಢಿ. ಒಂದು ಮಗುವಿಗೆ ಅನ್ನ ಸಾರು ಮಾಡಲು ಎಷ್ಟು ಹೊತ್ತು ಬೇಕು? ಒಲೆ ಆರಿಸಿ ಬಂದು ವಿನಯಾಳ ಪಕ್ಕ ಕೂರುತ್ತಿದ್ದಳು. ಟೀಚರ್ ಕೇಳಿದ್ದಕ್ಕೆಲ್ಲ ಮೊದಲು ಅವಳೇ ಉತ್ತರ ಹೇಳುವುದು, ಅದೂ ತಪ್ಪು.

"ಏಳೆಂಟ್ಲ ಎಷ್ಟು?"

"ಅರವತ್ತು ಟೀಚರ್!"

"ಅಯ್ಯೋ ಅಜ್ಜಿ! ಐವತ್ತಾರು! ನಿನ್ನೆ ತಾನೆ ಹೇಳ್ಕೊಟ್ಟಿದ್ದೆ."

"ಎಂತ ಮಾಡೋದು ಅಮ್ಮಿ, ಇದು ತಲೆ ಅಲ್ಲ, ಬೂದುಗುಂಬಳ."

ಆಗಸ್ಟ್ ಹದಿನೈದಕ್ಕೆ ಓಟದ ಪಂದ್ಯ ಇಡುತ್ತಿದ್ದರು. ಓಡುವವರು ಇವರಿಬ್ಬರೇ. ಅರ್ಧ ದಾರಿಯಲ್ಲಿ ಮಾಸ್ತಮ್ಮ ಮೊಣಕಾಲು ಹಿಡಿದು ಕೂತುಬಿಡುತ್ತಿದ್ದಳು. ವಿನಯಾ ಗೆದ್ದು ಬಂದು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅಕ್ಷರವನ್ನೂ ಹಾಗೇ ಕಲಿಸಿದಳು. ಮಾಸ್ತಮ್ಮ ಬಸ್ಸಿನ ಬೋರ್ಡು ಓದಿದರೆ ನನ್ನ ಮಗಳ ಮುಖ ನೋಡಬೇಕಿತ್ತು.

ನನ್ನ ಹೆಂಡತಿ ಚೈತ್ರಾ ಒಂದು ಸಲ ಹೇಳಿದ್ದುಂಟು. "ಮಾಸ್ತಕ್ಕ, ಒಂದ್ಸಲನಾದ್ರೂ ನೀವು ಗೆಲ್ಲಿ. ಇಲ್ದಿದ್ರೆ ಇವ್ಳಿಗೆ ಕೊಬ್ಬು ಬರುತ್ತೆ."

"ಬರ್ಲಿ ಬಿಡೆ. ಕಂಬ ಹಿಡ್ಕಂಡು ಅಳೋದಕ್ಕಿಂತ ವಾಸಿ."

ನಾವೂ ನಕ್ಕು ಸುಮ್ಮನಾದೆವು.

ಐದನೇ ಕ್ಲಾಸು ಮುಗಿಯಿತು. ನಮ್ಮಲ್ಲಿ ಇದ್ದದ್ದೇ ಅಲ್ಲಿಯವರೆಗೆ. ಹೊಸದಾಗಿ ಸೇರುವ ಮಕ್ಕಳಿಲ್ಲ, ಶಾಲೆಗೆ ಬೀಗ ಬಿತ್ತು. ವಾಗ್ದೇವಿ ಟೀಚರಿಗೆ ಸಾಗರದ ಕಡೆ ವರ್ಗವಾಯಿತು. ಮಾಸ್ತಮ್ಮನ ಕೆಲಸವೂ ಹೋಯಿತು. ವಿನಯಾಳನ್ನು ಪೇಟೆಯ ದೊಡ್ಡ ಶಾಲೆಗೆ ಆರನೇ ಕ್ಲಾಸಿಗೆ ಸೇರಿಸಿದೆ.

ಮೊದಲ ವಾರದಿಂದಲೇ ಅವಳು ಹಸಿದುಕೊಂಡು ಮನೆಗೆ ಬರುತ್ತಿದ್ದಳು.

"ಶಾಲೇಲಿ ಊಟ ಹಾಕಲ್ವಾ?" ಅಂತ ಚೈತ್ರಾ ಕೇಳಿದಳು.

"ಹಾಕ್ತಾರೆ. ನನ್ನ ಯಾರೂ ಕರೀಲಿಲ್ಲ."

ಸಾಲಿನಲ್ಲಿ ನಿಂತರೆ ಹಿಂದಿನವರು ಮುಂದೆ ಹೋಗುತ್ತಿದ್ದರು. ಯಾರಾದರೂ ಕರೆಯಲಿ ಅಂತ ಇವಳು ಕಾಯುವುದು. ಅಷ್ಟರಲ್ಲಿ ಬೆಲ್ಲು. ಕ್ಲಾಸಿನಲ್ಲೂ ಹಾಗೇ. ಮೇಷ್ಟರು ಕೇಳಿದ ಕೂಡಲೇ ಎಲ್ಲರೂ ಒಟ್ಟಿಗೆ ಕೂಗುತ್ತಾರಂತೆ.

"ನೀನೂ ಕೂಗು" ಅಂದೆ.

ಮಾರನೇ ದಿನ ಕೂಗಿದಳು. ಉತ್ತರ ತಪ್ಪಿತ್ತು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಆಮೇಲೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಹೊಸನಗರದ ಡಾಕ್ಟರು ನೋಡಿ ಏನೂ ಇಲ್ಲ ಅಂದರು.

ಶಾಲೆಯಿಂದ ಕರೆ ಬಂತು, ಹೋದೆ. ಮೇಷ್ಟರು ಕೆಟ್ಟವರಲ್ಲ.

"ಹುಡುಗಿ ಚುರುಕಿದಾಳೆ, ತೀರ್ಥೇಶ್. ಆದ್ರೆ ತಪ್ಪು ಹೇಳಿ, ನಗಿಸ್ಕೊಂಡು ಅಭ್ಯಾಸಾನೇ ಇಲ್ಲ. ಒಂದ್ಸಲ ನಕ್ಕಿದ್ದಕ್ಕೆ ಬಾಯಿ ಮುಚ್ಚಿದೋಳು ಇನ್ನೂ ತೆಗ್ದಿಲ್ಲ. ಇಷ್ಟು ಮಕ್ಳಲ್ಲಿ ಇವ್ಳೊಬ್ಳನ್ನೇ ಹ್ಯಾಗೆ ನೋಡ್ಲಿ?"

ಇದನ್ನು ಮಾಸ್ತಮ್ಮನಿಗೆ ಹೇಳಿದೆ. ಅವಳು ಆಗ ಬೇರೆಯವರ ಅಂಗಳದಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದಳು.

"ಹಂಗಾದ್ರೆ ಹಾಳ್ಮಾಡಿದ್ದು ನಾನೇ."

"ಹಂಗಲ್ಲ ಅಕ್ಕ."

"ಮತ್ತೆ ಹ್ಯಾಂಗೆ?"

ಭಾನುವಾರ ಮನೆಗೆ ಬಂದಳು. ವಿನಯಾ ಜಗಲಿಯಲ್ಲಿದ್ದಳು. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

"ನೋಡು ಅಮ್ಮಿ, ಒಂದ್ಮಾತು ಹೇಳ್ತೀನಿ. ನಂಗೆ ಮಗ್ಗಿ ಬರ್ತಿತ್ತು. ಬೇಕಂತ್ಲೇ ತಪ್ಪು ಹೇಳ್ತಿದ್ದೆ. ತಪ್ಪು ಹೇಳಿದ್ರೆ ಏನೂ ಆಗಲ್ಲ. ನಗ್ತಾರೆ, ಮರೀತಾರೆ. ನಾನು ದಿನಾ ಸೋತೆ, ಏನಾಯ್ತು ನಂಗೆ?"

ಧೈರ್ಯ ಹೇಳಲು ಬಂದವಳು ಅವಳು. ವಿನಯಾ ಕೈ ಬಿಡಿಸಿಕೊಂಡಳು.

"ಓಡೋದು?"

"ಅದೂ ಹಂಗೇ ಕಣೆ."

"ಕಾಲು ನೋವು?"

"ಇರ್ಲಿಲ್ಲ."

"ಓದೋಕೆ ನಾನು ಕಲ್ಸಿದ್ದು?"

ಮಾಸ್ತಮ್ಮ ನನ್ನ ಕಡೆ ನೋಡಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ ಅಂತ ಕಾಣುತ್ತದೆ. "ಚೂರು ಚೂರು ಮೊದ್ಲೇ ಬರ್ತಿತ್ತು" ಅಂದಳು.

"ಹಂಗಾದ್ರೆ ನಾನು ಒಂದ್ಸಲಾನೂ ಗೆದ್ದಿಲ್ವಾ?"

"ನೀನು ಜಾಣೆ ಕಣೆ ಅಮ್ಮಿ, ನಿಂಗೆ ಎಲ್ಲಾ—"

"ಇದೂ ಸುಳ್ಳು."

ಅಳಲಿಲ್ಲ. ಎದ್ದು ಒಳಗೆ ಹೋದಳು. ಸೋಮವಾರ ಯೂನಿಫಾರ್ಮ್ ಹಾಕಲಿಲ್ಲ. ಆಮೇಲೆ ಯಾವತ್ತೂ ಹಾಕಲಿಲ್ಲ.

ಚೈತ್ರಾ ಮುದ್ದು ಮಾಡಿ ನೋಡಿದಳು. ನಾನು ಗದರಿ ನೋಡಿದೆ. ಒಂದು ದಿನ ಎತ್ತಿ ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಶಾಲೆಯ ಎದುರು ಇಳಿಯಲೇ ಇಲ್ಲ, ನನ್ನ ಅಂಗಿಗೆ ಮುಖ ಒತ್ತಿಕೊಂಡು ಕೂತಿದ್ದಳು. ವಾಪಸ್ ಕರೆತಂದೆ. ವಾಗ್ದೇವಿ ಟೀಚರಿಗೆ ಫೋನ್ ಮಾಡಿ ಅವಳ ಕೈಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

"ಟೀಚರಿಗೂ ಗೊತ್ತಿತ್ತಾ ಅಪ್ಪ?"

ಫೋನಿನಲ್ಲಿ ಟೀಚರ್ ಹಲೋ ಹಲೋ ಅನ್ನುತ್ತಿದ್ದರು. ನಾನು ಕಟ್ ಮಾಡಿದೆ.

"ನಿಂಗೆ?" ಅಂದಳು.

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಅವಳಿಗೆ ಗೊತ್ತಾಯಿತು. ಈಗ ನಾನು ಚೆನ್ನಾಗಿದೆ ಅಂದ ಯಾವುದನ್ನೂ ಅವಳು ನಂಬುವುದಿಲ್ಲ. ಬರೆದದ್ದನ್ನು ತೋರಿಸುವುದಿಲ್ಲ. ಮಾಸ್ತಮ್ಮ ಅಂಗಳಕ್ಕೆ ಬಂದರೆ ಒಳಗಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಮಾಸ್ತಮ್ಮ ಈಗ ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾಳೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ರಸ್ತೆಯಲ್ಲಿ ನಿಂತು ಪೇಟೆಯ ಬಸ್ಸಿಗೆ ಕೈ ತೋರಿಸುತ್ತಾಳೆ. ಮೊದಮೊದಲು ಬಸ್ಸು ನಿಲ್ಲುತ್ತಿತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

"ಹತ್ತೋರು ಯಾರಮ್ಮ?"

"ಬರ್ತಾಳೆ ಕಣಪ್ಪ, ಒಂಚೂರು ನಿಲ್ಸು."

"ದಿನಾ ಇದೇ ಆಯ್ತಲ್ಲ ನಿಮ್ದು. ರೈಟ್, ರೈಟ್!"

ಈಗೀಗ ಅವಳು ಕೈ ತೋರಿಸಿದರೂ ಡ್ರೈವರ್ ನಿಲ್ಲಿಸುವುದಿಲ್ಲ.